ಆಗದು ಎಂದು ಸಾಧಿಸುವ ವಿದ್ಯೆ: ಗಣನಾ ಸಂಕೀರ್ಣತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನ ನನ್ನ ವೃತ್ತಿ. ಅದರಲ್ಲಿಯೂ ಗಣನಾ ಸಂಕೀರ್ಣತೆ, ಅಂದರೆ ಒಂದು ಲೆಕ್ಕವನ್ನು ಮಾಡಿ ಮುಗಿಸಲು ಕನಿಷ್ಠ ಎಷ್ಟು ಶ್ರಮ ಬೇಕೇ ಬೇಕು ಎಂಬ ವಿಚಾರ. ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಕಾಲೇಜುಗಳಲ್ಲಿ ಉಪನ್ಯಾಸ ಮುಗಿದ ಮೇಲೆ, ಓದುಗರ ಪತ್ರಗಳಲ್ಲಿ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು, ಆದರೆ ಮುಂದೆ ಹೋದಂತೆ ದಾರಿ ಏರುತ್ತದೆ.

## ಮೊದಲ ಮೆಟ್ಟಿಲುಗಳು

ಕಂಪ್ಯೂಟರ್ ವಿಜ್ಞಾನಿ ಎನ್ನುತ್ತೀರಿ, ಮೇಜಿನ ಮೇಲೆ ನೋಡಿದರೆ ಬರೀ ಹಾಳೆ, ಪೆನ್ಸಿಲ್. ನೀವು ನಿಜವಾಗಿ ಮಾಡುವುದೇನು?

ಯಂತ್ರ ಕಟ್ಟುವವರು, ತಂತ್ರಾಂಶ ಬರೆಯುವವರು ಬೇರೆ. ನಮ್ಮ ಪ್ರಶ್ನೆ ಇಷ್ಟು: ಯಾವ ಲೆಕ್ಕವನ್ನು ಯಂತ್ರದಿಂದ ಮಾಡಿಸಬಹುದು, ಯಾವುದನ್ನು ಮಾಡಿಸಲಾಗದು, ಮಾಡಿಸಬಹುದಾದರೆ ಎಷ್ಟು ಸಮಯ, ಎಷ್ಟು ಸ್ಮೃತಿ ಬೇಕು. 1936ರಲ್ಲಿ ಅಲನ್ ಟ್ಯೂರಿಂಗ್ ಈ ಪ್ರಶ್ನೆಗೆ ಗಣಿತದ ರೂಪ ಕೊಟ್ಟಾಗ ಇಂದಿನ ಅರ್ಥದ ಕಂಪ್ಯೂಟರ್ ಹುಟ್ಟಿಯೇ ಇರಲಿಲ್ಲ. ಆಗ ಆ ಪದದ ಅರ್ಥ ಕುಳಿತು ಲೆಕ್ಕ ಮಾಡುವ ಮನುಷ್ಯ. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಅಂಕಿ ಬರೆಯುತ್ತ, ಅಳಿಸುತ್ತ ಹೋಗುವ ಆ ಮನುಷ್ಯನನ್ನೇ ಗಮನಿಸಿ ಟ್ಯೂರಿಂಗ್ ತಮ್ಮ ಕಾಲ್ಪನಿಕ ಯಂತ್ರವನ್ನು ರೂಪಿಸಿದರು. ಅದೇ ಪ್ರಬಂಧದಲ್ಲಿ, ಯಾವ ಯಂತ್ರದಿಂದಲೂ ಬಿಡಿಸಲಾಗದ ಪ್ರಶ್ನೆಗಳಿವೆ ಎಂದೂ ಸಾಧಿಸಿದರು. ಕೊಟ್ಟ ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ ಅಥವಾ ಓಡುತ್ತಲೇ ಇರುತ್ತದೆಯೇ ಎಂದು ಎಲ್ಲ ಪ್ರೋಗ್ರಾಂಗಳ ವಿಷಯದಲ್ಲಿಯೂ ತಪ್ಪಿಲ್ಲದೆ ಹೇಳಬಲ್ಲ ಪ್ರೋಗ್ರಾಂ ಇರಲಾರದು ಎಂಬುದು ಆ ಬಗೆಯ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು.

ಆಗುವ ಲೆಕ್ಕಗಳ ಶ್ರಮವನ್ನು ಅಳೆಯುವ ಕೆಲಸ 1965ರಲ್ಲಿ ಯೂರಿಸ್ ಹಾರ್ಟ್‌ಮಾನಿಸ್ ಮತ್ತು ರಿಚರ್ಡ್ ಸ್ಟರ್ನ್ಸ್ ಬರೆದ ಪ್ರಬಂಧದಿಂದ ಗಟ್ಟಿಯಾಗಿ ನೆಲೆಯೂರಿತು. ಹೆಚ್ಚು ಸಮಯ ಕೊಟ್ಟರೆ ಹೆಚ್ಚು ಸಮಸ್ಯೆಗಳನ್ನು ಬಿಡಿಸಬಹುದು ಎಂಬ, ಸಹಜವೆನಿಸುವ ಮಾತನ್ನು ಅವರು ಪ್ರಮೇಯವಾಗಿಸಿದರು.

ಯಂತ್ರಗಳು ವರ್ಷದಿಂದ ವರ್ಷಕ್ಕೆ ವೇಗವಾಗುತ್ತಿವೆ. ಇಂದು ಆಗದ ಲೆಕ್ಕ ನಾಳೆ ಆಗುತ್ತದಲ್ಲ, ಚಿಂತೆ ಏಕೆ?

ಒಬ್ಬ ಸಗಟು ವ್ಯಾಪಾರಿಯನ್ನು ನೆನೆಯಿರಿ. ಒಬ್ಬ ಗಿರಾಕಿಯ 60 ಬಿಲ್ ಬಾಕಿ ಇವೆ. ಯಾವ ಬಿಲ್‌ಗೆ ಎಂದು ಹೇಳದೆ ಗಿರಾಕಿ ಒಂದು ಮೊತ್ತವನ್ನು ಖಾತೆಗೆ ಹಾಕಿದ್ದಾನೆ. ಯಾವ ಯಾವ ಬಿಲ್ ಕೂಡಿದರೆ ಪೈಸೆಗೆ ಪೈಸೆ ಆ ಮೊತ್ತ ಬರುತ್ತದೆ? ಪ್ರತಿ ಬಿಲ್ಲೂ ಸೇರಿರಬಹುದು, ಸೇರದಿರಬಹುದು. ಹಾಗಾಗಿ ಒಟ್ಟು ಸಾಧ್ಯತೆಗಳು 2ರ ಘಾತ 60. ಇದು 1ರ ಮುಂದೆ 18 ಸೊನ್ನೆ ಇಟ್ಟ ಸಂಖ್ಯೆಗಿಂತ ದೊಡ್ಡದು. ಸೆಕೆಂಡಿಗೆ ನೂರು ಕೋಟಿ ಸಾಧ್ಯತೆ ನೋಡುವ ಯಂತ್ರಕ್ಕೆ 36 ವರ್ಷದ ಕೆಲಸ. 30 ಬಿಲ್ ಇದ್ದರೆ ಒಂದು ಸೆಕೆಂಡ್, 50 ಇದ್ದರೆ 13 ದಿನ, 100 ಇದ್ದರೆ ವಿಶ್ವದ ವಯಸ್ಸಿನ ಸಾವಿರಾರು ಪಟ್ಟು.

ಯಂತ್ರವನ್ನು ಸಾವಿರ ಪಟ್ಟು ವೇಗಗೊಳಿಸಿ. ಅದೇ ಸಮಯದಲ್ಲಿ 10 ಬಿಲ್ ಹೆಚ್ಚು ನೋಡಬಹುದು, ಅಷ್ಟೇ. ಹತ್ತೇ ಹತ್ತು!

ಉಪಾಯದ ಬಲ ಇದಕ್ಕಿಂತ ದೊಡ್ಡದು. 1974ರಲ್ಲಿ ಎಲ್ಲಿಸ್ ಹೊರೊವಿಟ್ಜ್ ಮತ್ತು ಸರ್ತಾಜ್ ಸಾಹ್ನಿ ತೋರಿಸಿದ ದಾರಿಯಲ್ಲಿ ಬಿಲ್‌ಗಳನ್ನು 30–30ರ ಎರಡು ಕಟ್ಟು ಮಾಡುತ್ತೇವೆ. ಒಂದೊಂದು ಕಟ್ಟಿನಿಂದ ಬರಬಹುದಾದ ಮೊತ್ತಗಳನ್ನೆಲ್ಲ ಏರಿಕೆಯ ಕ್ರಮದಲ್ಲಿ ಬರೆದುಕೊಂಡು, ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ಹೊಂದಿಸುತ್ತೇವೆ. 36 ವರ್ಷದ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಮೊತ್ತಗಳು ಸಣ್ಣವಾಗಿದ್ದರೆ ಇನ್ನೂ ಸುಲಭದ ದಾರಿಗಳಿವೆ. ಆದರೆ ಉದ್ದುದ್ದ ಅಂಕಿಗಳ 200 ಬಿಲ್ ಎದುರಿಗೆ ಬಂದರೆ ನಾವು ಮತ್ತೆ 2ರ ಘಾತ 100ರ ಗೋಡೆಯ ಮುಂದೆ ನಿಲ್ಲುತ್ತೇವೆ. ಆ ಗೋಡೆ ನಿಜವಾದದ್ದೋ, ನಮ್ಮ ಅಜ್ಞಾನ ಕಟ್ಟಿದ್ದೋ ಎಂಬುದೇ ಈ ಕ್ಷೇತ್ರದ ಕೇಂದ್ರ ಪ್ರಶ್ನೆ.

ಪಿ ಎಂದರೇನು, ಎನ್‌ಪಿ ಎಂದರೇನು? ಗಣಿತ ಬಿಟ್ಟು ಮೂವತ್ತು ವರ್ಷವಾದವರಿಗೂ ತಿಳಿಯುವಂತೆ ಹೇಳಿ.

ಪತ್ರಿಕೆಯ ಸುಡೊಕು ತೆಗೆದುಕೊಳ್ಳಿ. ತುಂಬಿದ ಚೌಕವನ್ನು ಯಾರಾದರೂ ನಿಮ್ಮ ಕೈಗಿತ್ತರೆ ಸರಿಯೋ ತಪ್ಪೋ ಎಂದು ಎರಡು ನಿಮಿಷದಲ್ಲಿ ನೋಡಬಹುದು. ಖಾಲಿ ಚೌಕವನ್ನು ನೀವೇ ತುಂಬಬೇಕಾದರೆ ಕಾಫಿ ಆರಿ ಹೋಗುತ್ತದೆ. ಚೌಕದ ಗಾತ್ರ ಒಂಬತ್ತರಿಂದ ನೂರಕ್ಕೆ, ಸಾವಿರಕ್ಕೆ ಬೆಳೆಯುತ್ತ ಹೋದಾಗ ಈ ಎರಡು ಕೆಲಸಗಳ ಶ್ರಮ ಹೇಗೆ ಬೆಳೆಯುತ್ತದೆ ಎಂಬುದನ್ನು ನಾವು ನೋಡುತ್ತೇವೆ. ಶ್ರಮವು ಗಾತ್ರದ ವರ್ಗ, ಘನ ಅಥವಾ ಅಂಥ ಯಾವುದೋ ನಿಶ್ಚಿತ ಘಾತದೊಳಗೆ ನಿಂತರೆ ಅದು ನಿಭಾಯಿಸಬಹುದಾದ ಲೆಕ್ಕ. ಪಠ್ಯಪುಸ್ತಕದ ಮಾತಿನಲ್ಲಿ ಬಹುಪದೋಕ್ತಿ ಕಾಲ. ಉತ್ತರವನ್ನು ಹುಡುಕುವುದೇ ಹೀಗೆ ಸುಲಭವಾಗಿರುವ ಸಮಸ್ಯೆಗಳ ವರ್ಗ ಪಿ. ಕೊಟ್ಟ ಉತ್ತರವನ್ನು ತಾಳೆ ನೋಡುವುದು ಸುಲಭವಾಗಿರುವ ಸಮಸ್ಯೆಗಳ ವರ್ಗ ಎನ್‌ಪಿ. ಎನ್‌ಪಿ ಎಂದರೆ ಪಿ ಅಲ್ಲದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪಿಯಲ್ಲಿರುವುದೆಲ್ಲ ಎನ್‌ಪಿಯಲ್ಲಿಯೂ ಇದೆ. ತಾಳೆ ನೋಡಲು ಸುಲಭವಾದದ್ದನ್ನೆಲ್ಲ ಹುಡುಕಲೂ ಸುಲಭವೇ ಎಂಬುದು ಪ್ರಶ್ನೆ.

1971ರಲ್ಲಿ ಸ್ಟೀಫನ್ ಕುಕ್ ಮತ್ತು ಸೋವಿಯತ್ ಒಕ್ಕೂಟದಲ್ಲಿ ಅವರಿಂದ ಸ್ವತಂತ್ರವಾಗಿ ಲಿಯೊನಿಡ್ ಲೆವಿನ್ ಒಂದು ಬೆರಗಿನ ಸಂಗತಿಯನ್ನು ಕಂಡರು: ಎನ್‌ಪಿಯ ಎಲ್ಲ ಸಮಸ್ಯೆಗಳ ಹಣೆಬರಹವನ್ನೂ ತಮ್ಮೊಳಗೆ ಕಟ್ಟಿಕೊಂಡ ಕೆಲವು ಸಮಸ್ಯೆಗಳಿವೆ. ಅವು ಎನ್‌ಪಿ ಪೂರ್ಣ ಸಮಸ್ಯೆಗಳು. 1972ರಲ್ಲಿ ರಿಚರ್ಡ್ ಕಾರ್ಪ್ ಅಂಥ 21 ಸಮಸ್ಯೆಗಳ ಪಟ್ಟಿ ಕೊಟ್ಟರು. ಮೇಲಿನ ಬಿಲ್ ಲೆಕ್ಕ ಅದರಲ್ಲಿದೆ. ಇಂದು ಸಾವಿರಾರು ಇವೆ, ಸುಡೊಕುವಿನ ಸಾಮಾನ್ಯ ರೂಪವೂ ಸೇರಿ. ಒಂದಕ್ಕೆ ಸುಲಭದ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ. 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಈ ಪ್ರಶ್ನೆಗೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಅದು ಹಾಗೆಯೇ ಇದೆ.

ಅಕಸ್ಮಾತ್ ಪಿ ಮತ್ತು ಎನ್‌ಪಿ ಒಂದೇ ಎಂದು ತಿಳಿದುಬಂದರೆ ಏನಾಗುತ್ತದೆ?

ಇದನ್ನು ಮೊದಲು ಕಂಡವರು ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್. 1956ರ ಮಾರ್ಚ್ 20ರಂದು, ಕಾಯಿಲೆ ಬಿದ್ದಿದ್ದ ಜಾನ್ ಫಾನ್ ನಾಯ್ಮನ್‌ಗೆ ಬರೆದ ಪತ್ರದಲ್ಲಿ ಅವರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ: ಒಂದು ಪ್ರಮೇಯಕ್ಕೆ ಇಂತಿಷ್ಟು ಉದ್ದದೊಳಗೆ ರುಜುವಾತು ಇದೆಯೇ ಎಂದು ಯಂತ್ರ ಬೇಗನೆ ಹೇಳಬಲ್ಲದೇ? ಹೇಳಬಲ್ಲದಾದರೆ ಗಣಿತಜ್ಞರು ಹೌದು–ಅಲ್ಲಗಳ ಚಿಂತನೆಯನ್ನು ಯಂತ್ರಕ್ಕೆ ಒಪ್ಪಿಸಬಹುದು. ಬಲ್ಲವರಿಗೆ ರುಜುವಾತನ್ನು ತಾಳೆ ನೋಡುವುದು ಸುಲಭ. ಹುಡುಕುವುದಕ್ಕೆ ಆಯುಷ್ಯ ಸಾಲದು. ಎರಡೂ ಒಂದೇ ಆದರೆ ಇಂದಿನ ಗೂಢಲಿಪಿ ವ್ಯವಸ್ಥೆಗಳೂ ತಾತ್ವಿಕವಾಗಿ ಕುಸಿಯುತ್ತವೆ, ಏಕೆಂದರೆ ಸರಿಯಾದ ಕೀಲಿಯನ್ನು ತಾಳೆ ನೋಡುವುದು ಸುಲಭ. ದಾರಿಯ ಘಾತ ನೂರೋ ಸಾವಿರವೋ ಆಗಿದ್ದರೆ ಬಳಕೆಗೆ ಬಾರದು ಎಂಬ ಮಾತೂ ಉಂಟು. ನನ್ನ ನಂಬಿಕೆ, ಈ ಕ್ಷೇತ್ರದ ಬಹುಪಾಲು ಜನರಂತೆ, ಎರಡೂ ಬೇರೆ ಎಂದೇ.

ಐವತ್ತು ವರ್ಷ ಜಾಣರೆಲ್ಲ ಹುಡುಕಿಯೂ ಸಿಕ್ಕಿಲ್ಲ. ಇಲ್ಲ ಎಂದೇ ಅರ್ಥವಲ್ಲವೇ? ರುಜುವಾತೇ ಬೇಕೆಂಬ ಹಟ ಏಕೆ?

ನಿವೃತ್ತ ಶಿಕ್ಷಕರೊಬ್ಬರು ಇದನ್ನು ಕೇಳಿದಾಗ ನಾನು ಅವರ ಕೈಯಲ್ಲಿ ಒಂದು ಗುಣಾಕಾರ ಮಾಡಿಸಿದೆ. 47 ಗುಣಿಸು 63. ಮಗ್ಗಿಯಲ್ಲಿ ಎಷ್ಟು ಸಲ ಗುಣಿಸಿದಿರಿ? ನಾಲ್ಕು: 4×6, 4×3, 7×6, 7×3. ಅಂಕಿಗಳು ಎರಡು ಪಟ್ಟಾದರೆ ಗುಣಾಕಾರಗಳು ನಾಲ್ಕು ಪಟ್ಟು. ಮನುಷ್ಯ ಸಾವಿರಾರು ವರ್ಷಗಳಿಂದ ಹೀಗೆಯೇ ಗುಣಿಸಿಕೊಂಡು ಬಂದಿದ್ದ. 1960ರಲ್ಲಿ ಮಾಸ್ಕೋದಲ್ಲಿ ಆಂದ್ರೇ ಕೊಲ್ಮೊಗೊರೊವ್, ಇದಕ್ಕಿಂತ ಬೇಗ ಆಗದು ಎಂಬ ತಮ್ಮ ಊಹೆಯನ್ನು ಗೋಷ್ಠಿಯೊಂದರಲ್ಲಿ ಮುಂದಿಟ್ಟರು. 23 ವರ್ಷದ ವಿದ್ಯಾರ್ಥಿ ಅನಾತೊಲಿ ಕರಟ್ಸುಬಾ ವಾರದೊಳಗೆ ಅದನ್ನು ಸುಳ್ಳಾಗಿಸಿದರು.

ಅವರ ದಾರಿ ಹೀಗೆ: 4×6=24, 7×3=21. ಮೂರನೆಯದಾಗಿ (4+7)×(6+3)=99. ಆ 99ರಲ್ಲಿ 24 ಮತ್ತು 21 ಕಳೆದರೆ 54. ಈಗ 2400, 540, 21 ಕೂಡಿ: 2961. ಮೂರೇ ಗುಣಾಕಾರ! ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಅರ್ಧಕ್ಕೆ ಒಡೆಯುತ್ತ ಹೋದಾಗ ಈ ಒಂದು ಗುಣಾಕಾರದ ಉಳಿತಾಯ ಮಹಾ ಉಳಿತಾಯವಾಗುತ್ತದೆ. ಒಂಬತ್ತು ವರ್ಷಗಳ ನಂತರ ಫೋಲ್ಕರ್ ಸ್ಟ್ರಾಸೆನ್ 2×2 ಮ್ಯಾಟ್ರಿಕ್ಸ್‌ಗಳ (ಸಂಖ್ಯೆಗಳ ಚೌಕ ಪಟ್ಟಿಗಳ) ಗುಣಾಕಾರದಲ್ಲಿ ಎಂಟರ ಬದಲು ಏಳು ಸಾಕು ಎಂದು ತೋರಿಸಿದರು.

ಶಿಕ್ಷಕರು ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಯಾರಿಗೂ ಸಿಕ್ಕಿಲ್ಲ ಎಂಬುದು ಹುಡುಕಿದವರ ವಿಷಯ. ಆಗದು ಎಂಬುದು ಲೆಕ್ಕದ ವಿಷಯ. ಎರಡನೆಯದಕ್ಕೆ ರುಜುವಾತೇ ಬೇಕು.

## ಏರು ದಾರಿ

ನಾನು ತಂತ್ರಾಂಶ ಎಂಜಿನಿಯರ್. ನನ್ನ ಸಮಸ್ಯೆ ಎನ್‌ಪಿ ಪೂರ್ಣ ಎಂದು ಗೊತ್ತಾದರೆ ಕೈ ಕಟ್ಟಿ ಕೂರಬೇಕೇ?

ಖಂಡಿತ ಬೇಡ. ಕಾಠಿಣ್ಯದ ಮಾತು ಎಲ್ಲ ಸಂದರ್ಭಗಳಿಗೂ ಒಂದೇ ದಾರಿ ಬೇಕೆಂದಾಗಿನದು. ಕೆಲಸದಲ್ಲಿ ಎದುರಾಗುವ, ಲಕ್ಷಗಟ್ಟಲೆ ಚರಗಳಿರುವ ತರ್ಕ ಸಮಸ್ಯೆಗಳನ್ನು ಇಂದಿನ ಸ್ಯಾಟ್ ಸಾಲ್ವರ್ ಎಂಬ ಪ್ರೋಗ್ರಾಂಗಳು ದಿನನಿತ್ಯ ಬಿಡಿಸುತ್ತವೆ. ಅದು ಆಗದಿದ್ದರೆ ಅತ್ಯುತ್ತಮದ ಬದಲು ಅದರ ಹತ್ತಿರದ್ದನ್ನು ಹುಡುಕಿ. ಎಲ್ಲ ಊರು ಸುತ್ತಿ ಮರಳುವ ಅತಿ ಕಿರಿದಾದ ದಾರಿ ಸಿಗದಿರಬಹುದು. ಅದರ ಒಂದೂವರೆ ಪಟ್ಟಿಗಿಂತ ಉದ್ದವಾಗದ ದಾರಿಯನ್ನು ಬೇಗನೆ ಹುಡುಕುವ ವಿಧಾನವನ್ನು ನಿಕೋಸ್ ಕ್ರಿಸ್ಟೊಫಿಡಿಸ್ 1976ರಲ್ಲಿಯೇ ಕೊಟ್ಟಿದ್ದಾರೆ. ಆ ಒಂದೂವರೆಯನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆಯಷ್ಟು ಇಳಿಸಲು 2020ರವರೆಗೆ ಕಾಯಬೇಕಾಯಿತು.

ಹತ್ತಿರದ್ದನ್ನು ಹುಡುಕುವುದಕ್ಕೂ ಎಲ್ಲೆ ಇದೆ ಎಂಬುದು ಈ ವಿದ್ಯೆಯ ಅತಿ ಸುಂದರ ಫಲ. 1992ರ ಪಿಸಿಪಿ ಪ್ರಮೇಯ ಹೇಳುವುದು ಇದು: ಯಾವ ರುಜುವಾತನ್ನಾದರೂ, ಕಣ್ಣುಮುಚ್ಚಿ ಆರಿಸಿದ ಬೆರಳೆಣಿಕೆಯ ಅಕ್ಷರಗಳನ್ನು ಮಾತ್ರ ಓದಿ ಪರೀಕ್ಷಿಸಬಹುದಾದಂತೆ ತಿದ್ದಿ ಬರೆಯಬಹುದು, ಎಲ್ಲಿಯೋ ಅಡಗಿದ ತಪ್ಪು ಎಲ್ಲ ಕಡೆಯೂ ಹರಡಿ ಕಾಣಿಸಿಕೊಳ್ಳುತ್ತದೆ. ಇದನ್ನು ಸಾಧಿಸಿದ ಗುಂಪಿನಲ್ಲಿ ಚೆನ್ನೈನಲ್ಲಿ ಹುಟ್ಟಿದ ಮಧು ಸುಡಾನ್ ಅವರೂ ಇದ್ದರು. ಇದರ ನೆಲೆಯ ಮೇಲೆ ಮುಂದೆ ಬಂದ ಒಂದು ಫಲ: ಮೂರು ಮೂರು ಪದಗಳ ತರ್ಕ ಷರತ್ತುಗಳಲ್ಲಿ ಎಂಟರಲ್ಲಿ ಏಳು ಭಾಗವನ್ನು ನಾಣ್ಯ ಚಿಮ್ಮಿಯೇ ಪೂರೈಸಬಹುದು, ಪಿ ಮತ್ತು ಎನ್‌ಪಿ ಬೇರೆಯಾಗಿದ್ದರೆ ಅದಕ್ಕಿಂತ ಕೊಂಚ ಹೆಚ್ಚಿನ ಭರವಸೆಯನ್ನೂ ಯಾವ ವೇಗದ ವಿಧಾನವೂ ಕೊಡಲಾರದು.

ನಾಣ್ಯ ಚಿಮ್ಮಿ ಉತ್ತರ ಹುಡುಕುವುದು ಗಣಿತವೇ?

ತಪ್ಪಿನ ಸಂಭವವನ್ನು ಲೆಕ್ಕ ಹಾಕಬಲ್ಲೆವಾದರೆ ಹೌದು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಮಿಲ್ಲರ್–ರಾಬಿನ್ ಪರೀಕ್ಷೆ ಒಂದು ಸುತ್ತಿನಲ್ಲಿ ಮೋಸಹೋಗುವ ಸಂಭವ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ನಲವತ್ತು ಸುತ್ತಾದರೆ ಆ ಸಂಭವ ಲೆಕ್ಕಕ್ಕೇ ಬಾರದಷ್ಟು ಕಿರಿದು. 1997ರಲ್ಲಿ ರಸೆಲ್ ಇಂಪಾಗ್ಲಿಯಾಜೊ ಮತ್ತು ಅವಿ ವಿಗ್ಡರ್ಸನ್ ಸಾಧಿಸಿದ ಪ್ರಮೇಯ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಕೆಲವು ಸಮಸ್ಯೆಗಳು ನಿಜಕ್ಕೂ ತೀರಾ ಕಠಿಣವಾಗಿದ್ದರೆ, ಆ ಕಾಠಿಣ್ಯವನ್ನೇ ಹಿಂಡಿ ನಾಣ್ಯದ ಬದಲಿಗೆ ಬಳಸಬಹುದು. ಆಗ ವೇಗದ ವಿಧಾನಗಳಲ್ಲಿ ನಾಣ್ಯದ ಅಗತ್ಯವೇ ಉಳಿಯುವುದಿಲ್ಲ. ಒಂದು ಕಡೆ ಆಗದು ಎಂದು ಸಾಧಿಸಿದರೆ ಇನ್ನೊಂದು ಕಡೆ ಆಗುತ್ತದೆ ಎಂದು ಸಿದ್ಧವಾಗುತ್ತದೆ.

ಅವಿಭಾಜ್ಯ ಸಂಖ್ಯೆ ಪತ್ತೆ ಸುಲಭವೆಂದರೆ ನನ್ನ ಬ್ಯಾಂಕ್ ಖಾತೆಗೆ ಅಪಾಯವೇ? ಕ್ವಾಂಟಂ ಕಂಪ್ಯೂಟರ್ ಬಂದರೆ?

ಎರಡು ಬೇರೆ ಕೆಲಸಗಳನ್ನು ಬೆರೆಸಬಾರದು. ಸಂಖ್ಯೆ ಅವಿಭಾಜ್ಯವೇ ಎಂದು ಹೇಳುವುದು ಸುಲಭ. ಅಲ್ಲವಾದರೆ ಅದರ ಅಪವರ್ತನಗಳನ್ನು ಹುಡುಕುವುದಕ್ಕೆ ಸಾಮಾನ್ಯ ಯಂತ್ರಗಳಲ್ಲಿ ಸುಲಭದ ದಾರಿ ಸಿಕ್ಕಿಲ್ಲ. ಬ್ಯಾಂಕ್‌ಗಳಲ್ಲಿಯೂ ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಎರಡನೆಯದರ ಮೇಲೆ. 1994ರಲ್ಲಿ ಪೀಟರ್ ಶೋರ್, ಕ್ವಾಂಟಂ ಯಂತ್ರ ಅಪವರ್ತನಗಳನ್ನು ಬೇಗ ಹುಡುಕಬಲ್ಲದು ಎಂದು ತೋರಿಸಿದರು. ಅದಕ್ಕಾಗಿಯೇ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊಸ ಬಗೆಯ ಗೂಢಲಿಪಿ ಮಾನಕಗಳನ್ನು ಹೊರತಂದಿತು.

ಆದರೆ ಕ್ವಾಂಟಂ ಯಂತ್ರ ಎಲ್ಲ ಸಾಧ್ಯತೆಗಳನ್ನೂ ಒಮ್ಮೆಗೇ ನೋಡಿಬಿಡುತ್ತದೆ ಎಂಬ ಮಾತು ತಪ್ಪು, ಅದನ್ನು ಎಲ್ಲಿ ಓದಿದರೂ ನಂಬಬೇಡಿ. ಬರೀ ಹುಡುಕಾಟದಲ್ಲಿ ಅದರ ಲಾಭ ವರ್ಗಮೂಲದಷ್ಟು: ಲವ್ ಗ್ರೋವರ್ 1996ರಲ್ಲಿ ತೋರಿಸಿದ ವಿಧಾನದಲ್ಲಿ ಹತ್ತು ಲಕ್ಷ ಪೆಟ್ಟಿಗೆಗಳಲ್ಲಿ ಒಂದನ್ನು ಹುಡುಕಲು ಸಾವಿರದಷ್ಟು ಹೆಜ್ಜೆ. ಸಮಸ್ಯೆಯ ಒಳರಚನೆಯನ್ನು ಬಳಸಿಕೊಳ್ಳದೆ ಇದಕ್ಕಿಂತ ಬೇಗ ಆಗದು ಎಂಬುದಕ್ಕೆ ರುಜುವಾತಿದೆ. ಎನ್‌ಪಿ ಪೂರ್ಣ ಸಮಸ್ಯೆಗಳು ಅದರ ಕೈಗೂ ಸಿಗಲಾರವು ಎಂಬುದು ನಮ್ಮೆಲ್ಲರ ಊಹೆ.

ಅಷ್ಟಾದರೂ ಪಿ–ಎನ್‌ಪಿ ಬಗೆಹರಿಯದಿರಲು ಅಡ್ಡ ಬಂದಿರುವುದೇನು?

1949ರಲ್ಲಿ ಕ್ಲಾಡ್ ಶಾನನ್ ಬರೀ ಎಣಿಕೆಯಿಂದ ಒಂದು ಸತ್ಯ ತೋರಿಸಿದರು: ಬಿಟ್‌ಗಳ ಮೇಲಿನ ಫಲನಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಭಾರಿ ಗಾತ್ರದ ಸರ್ಕ್ಯೂಟ್ (ಸರಳ ತರ್ಕದ ಗೇಟ್‌ಗಳನ್ನು ಹೆಣೆದ ಜಾಲ) ಬೇಕು, ಏಕೆಂದರೆ ಸಣ್ಣ ಸರ್ಕ್ಯೂಟ್‌ಗಳ ಸಂಖ್ಯೆಯೇ ಕಡಿಮೆ. ಪಿಯಲ್ಲಿರುವ ಲೆಕ್ಕಗಳಿಗೆ ಸಣ್ಣ ಸರ್ಕ್ಯೂಟ್ ಸಾಕು. ಹಾಗಿದ್ದರೆ ಎನ್‌ಪಿಯೊಳಗಿನ ಒಂದು ಫಲನವನ್ನು ಬೆರಳಿಟ್ಟು ತೋರಿಸಿ ಇದಕ್ಕೆ ದೊಡ್ಡ ಸರ್ಕ್ಯೂಟ್ ಬೇಕು ಎನ್ನಬಲ್ಲೆವೇ? ಎರಡು ಒಳದಾರಿಗಳ ಎಲ್ಲ ಬಗೆಯ ಗೇಟ್‌ಗಳಿಗೂ ಅವಕಾಶ ಕೊಟ್ಟರೆ, ಇದುವರೆಗೆ ಸಾಧಿಸಲಾಗಿರುವ ಕೆಳಮಿತಿ ಬಿಟ್‌ಗಳ ಸಂಖ್ಯೆಯ 3.1 ಪಟ್ಟಿನ ಆಸುಪಾಸು. ಅಷ್ಟೇ. ಕಾಡಿನ ತುಂಬ ಹುಲಿಗಳಿವೆ ಎಂದು ಎಣಿಕೆಯಿಂದ ಗೊತ್ತು, ಒಂದನ್ನೂ ಕಣ್ಣಾರೆ ಕಂಡಿಲ್ಲ.

ಎಲ್ಲ ಯಂತ್ರಗಳ ಪಟ್ಟಿ ಮಾಡಿ, ಪ್ರತಿಯೊಂದರಿಂದಲೂ ಎಲ್ಲಿಯಾದರೂ ಬೇರೆಯಾಗುವ ಲೆಕ್ಕವನ್ನು ಕಟ್ಟುವ ಉಪಾಯಕ್ಕೆ ಕರ್ಣ ವಿಧಾನ ಎನ್ನುತ್ತೇವೆ. ಟ್ಯೂರಿಂಗ್ ಬಳಸಿದ ಆ ವಿಧಾನ ಸಾಲದೇ? 1975ರಲ್ಲಿ ಬೇಕರ್, ಗಿಲ್, ಸೊಲೊವೆ ಒಂದು ಕಲ್ಪನೆ ಮಾಡಿದರು. ಎಲ್ಲ ಯಂತ್ರಗಳಿಗೂ, ಕೇಳಿದ ತಕ್ಷಣ ಉತ್ತರಿಸುವ ಕಣಿಯಂಥ ಪೆಟ್ಟಿಗೆಯೊಂದನ್ನು ಜೊತೆಗೆ ಕೊಡೋಣ. ಒಂದು ಬಗೆಯ ಕಣಿ ಕೊಟ್ಟರೆ ಪಿ ಮತ್ತು ಎನ್‌ಪಿ ಒಂದಾಗುತ್ತವೆ, ಇನ್ನೊಂದು ಬಗೆಯದನ್ನು ಕೊಟ್ಟರೆ ಬೇರೆಯಾಗುತ್ತವೆ. ಕರ್ಣ ವಿಧಾನವೋ, ಯಾವ ಕಣಿ ಇದ್ದರೂ ಬದಲಾಗದೆ ನಡೆಯುವಂಥದು. ಆದ್ದರಿಂದ ಅದೊಂದರಿಂದಲೇ ಈ ಪ್ರಶ್ನೆ ಬಗೆಹರಿಯಲಾರದು.

ಹಾಗಾದರೆ ಸರ್ಕ್ಯೂಟ್‌ನ ಒಳಗನ್ನೇ ಬಿಚ್ಚಿ ನೋಡೋಣ ಎಂದರು. 1980ರ ದಶಕದಲ್ಲಿ ಉತ್ಸಾಹ ಉಕ್ಕಿತ್ತು. ಬಿಟ್‌ಗಳಲ್ಲಿ ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂಬ ಸರಳ ಲೆಕ್ಕಕ್ಕೂ, ಪದರಗಳ ಸಂಖ್ಯೆಯನ್ನು ಕಟ್ಟಿಹಾಕಿದರೆ ಭಾರಿ ಸರ್ಕ್ಯೂಟ್ ಬೇಕಾಗುತ್ತದೆ ಎಂದು ಆಗಲೇ ಸಾಧಿಸಿದ್ದು. ಆದರೆ 1994ರಲ್ಲಿ ಅಲೆಕ್ಸಾಂಡರ್ ರಜ್‌ಬೊರೊವ್ ಮತ್ತು ಸ್ಟೀವನ್ ರೂಡಿಚ್ ಆ ರುಜುವಾತುಗಳಿಗೆಲ್ಲ ಒಂದು ಸಮಾನ ಮೈಕಟ್ಟು ಇದೆ ಎಂದು ಗುರುತಿಸಿದರು. ಅದೇ ಮೈಕಟ್ಟಿನ ರುಜುವಾತು ಸಾಮಾನ್ಯ ಸರ್ಕ್ಯೂಟ್‌ಗಳ ಮೇಲೂ ಗೆದ್ದರೆ, ಅದರಿಂದಲೇ ಗೂಢಲಿಪಿಗಳನ್ನು ಮುರಿಯುವ ವಿಧಾನ ಹುಟ್ಟುತ್ತದೆ. ಗೂಢಲಿಪಿಗಳು ಗಟ್ಟಿಯಾಗಿದ್ದರೆ ಅಂಥ ರುಜುವಾತು ಇರಲಾರದು. ಕಾಠಿಣ್ಯ ತನ್ನನ್ನು ತಾನೇ ಮರೆಮಾಡಿಕೊಂಡಿದೆ! 2008ರಲ್ಲಿ ಸ್ಕಾಟ್ ಆರನ್ಸನ್ ಮತ್ತು ವಿಗ್ಡರ್ಸನ್ ಮೂರನೆಯ ಅಡ್ಡಗೋಡೆಯನ್ನು ತೋರಿಸಿದರು.

ಕಿಂಡಿಗಳಿಲ್ಲವೆಂದಲ್ಲ. 2010ರಲ್ಲಿ ರಯಾನ್ ವಿಲಿಯಮ್ಸ್, ಕುರುಡು ಹುಡುಕಾಟಕ್ಕಿಂತ ಸ್ವಲ್ಪವೇ ವೇಗದ ಅಲ್ಗಾರಿದಂ ಒಂದನ್ನು ಕಟ್ಟಿ, ಅದರಿಂದಲೇ ಒಂದು ಬಗೆಯ ಸರ್ಕ್ಯೂಟ್‌ಗಳ ಮೇಲೆ ಕೆಳಮಿತಿಯನ್ನು ಸಾಧಿಸಿದರು. ಆಗುತ್ತದೆ ಎಂದು ತೋರಿಸಿ ಆಗದು ಎಂದು ಸಾಧಿಸುವ ಈ ದಾರಿ ಮೇಲಿನ ಗೋಡೆಗಳನ್ನು ತಪ್ಪಿಸಿಕೊಂಡು ಹೋಗುತ್ತದೆ.

ಈಚೆಗೆ ನಿಮ್ಮ ನಿದ್ದೆಗೆಡಿಸಿದ ಸುದ್ದಿ ಯಾವುದು?

2025ರ ಫೆಬ್ರುವರಿಯಲ್ಲಿ ಬಂದ, ಅದೇ ವಿಲಿಯಮ್ಸ್ ಅವರ ಪ್ರಬಂಧ. ಒಂದು ಲಕ್ಷ ಕೋಟಿ ಹೆಜ್ಜೆಗಳ ಲೆಕ್ಕಕ್ಕೆ ಎಷ್ಟು ಸ್ಮೃತಿ ಬೇಕು? 1975ರ ಪ್ರಮೇಯದಂತೆ, ಸ್ಥಿರಾಂಕಗಳನ್ನು ಬದಿಗಿಟ್ಟರೆ, ಸುಮಾರು 2,500 ಕೋಟಿ ಸ್ಥಾನಗಳು ಸಾಕು. ಅಲ್ಲಿಂದ ಐವತ್ತು ವರ್ಷ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಸುಮಾರು 63 ಲಕ್ಷ ಸಾಕು ಎಂದರು ವಿಲಿಯಮ್ಸ್. ಸಮಯದ ವರ್ಗಮೂಲದ ಆಸುಪಾಸು! ಬದಲಿಗೆ ಲೆಕ್ಕ ಮುಗಿಯಲು ಹಿಡಿಯುವ ಕಾಲ ವಿಪರೀತ ಬೆಳೆಯುತ್ತದೆ, ಆದರೆ ಪ್ರಶ್ನೆ ಇದ್ದದ್ದು ಸ್ಮೃತಿಯ ಬಗ್ಗೆ.

ಇದರ ಬೇರು ಜೇಮ್ಸ್ ಕುಕ್ ಮತ್ತು ಇಯಾನ್ ಮರ್ಟ್ಸ್ ಅವರ ವಿಧಾನದಲ್ಲಿದೆ. ನೆರೆಮನೆಯವರ ಕಣಜದಲ್ಲಿ ಎಷ್ಟು ಭತ್ತವಿದೆ ಎಂದು ನಿಮಗೆ ಗೊತ್ತಿಲ್ಲ. ಆದರೂ ನಿಮ್ಮ ಭತ್ತವನ್ನು ಅದರೊಳಗೆ ಸುರಿದು, ಕೆಲಸವಾದ ಮೇಲೆ ಅಷ್ಟನ್ನೇ ಅಳೆದು ಹಿಂತೆಗೆದರೆ ಕಣಜ ಮೊದಲಿನಂತೆಯೇ ಇರುತ್ತದೆ. ಹಾಗೆ, ಬೇರೆ ಲೆಕ್ಕ ತುಂಬಿಕೊಂಡಿರುವ ಸ್ಮೃತಿಯನ್ನೂ ಕೆಡಿಸದೆ ಎರವಲು ಪಡೆಯಬಹುದು. ಒಂದೇ ಜಾಗವನ್ನು ಅನೇಕ ಲೆಕ್ಕಗಳು ಒಟ್ಟಿಗೆ ಬಳಸುತ್ತವೆ. ಜೇಮ್ಸ್ ಅವರು ಸ್ಟೀಫನ್ ಕುಕ್ ಅವರ ಮಗ. ಹೆಚ್ಚು ಸ್ಮೃತಿ ಬೇಕೇ ಬೇಕು ಎಂದು ಸಾಧಿಸಲು ತಂದೆ ಮತ್ತು ಸಂಗಡಿಗರು ರೂಪಿಸಿದ್ದ ಸಮಸ್ಯೆಗೇ ಮಗ ಕಡಿಮೆ ಸ್ಮೃತಿಯ ದಾರಿ ಕಂಡುಹಿಡಿದರು. ಆ ಸಮಸ್ಯೆಗೆ ಹೆಚ್ಚು ಸ್ಮೃತಿ ಬೇಕೆಂದೇ ನಾನೂ ನಂಬಿದ್ದೆ, ತರಗತಿಯಲ್ಲಿ ಹಾಗೆಂದು ಹೇಳಿಯೂ ಇದ್ದೆ. ಪ್ರಬಂಧ ಓದಿದ ಮರುದಿನವೇ ತಿದ್ದಿ ಹೇಳಿದೆ.

## ಸಂಶೋಧನೆಗೆ ಇಳಿಯುವವರಿಗೆ

ಭಾರತದಲ್ಲಿ, ನಮ್ಮ ಕರ್ನಾಟಕದಲ್ಲಿ ಇಂಥ ಕೆಲಸ ಆಗಿದೆಯೇ?

2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯಿಂದ ಹೊರಟ ಒಂಬತ್ತು ಪುಟಗಳು ಜಗತ್ತಿನ ಗಣಿತಜ್ಞರನ್ನು ಎದ್ದು ಕೂರಿಸಿದವು. ಮಣೀಂದ್ರ ಅಗ್ರವಾಲ್, ಮತ್ತು ಅದೇ ವರ್ಷ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್ ಹಾಗೂ ನಿತಿನ್ ಸಕ್ಸೇನಾ, ನಾಣ್ಯದ ನೆರವಿಲ್ಲದೆ, ಯಾವ ಊಹೆಯನ್ನೂ ಆಶ್ರಯಿಸದೆ ಅವಿಭಾಜ್ಯತೆಯನ್ನು ಬಹುಪದೋಕ್ತಿ ಕಾಲದಲ್ಲಿ ಪರೀಕ್ಷಿಸಬಹುದು ಎಂದು ಸಾಧಿಸಿದ್ದರು. ಬಳಸಿದ ಗಣಿತವೋ, ಪದವಿ ವಿದ್ಯಾರ್ಥಿ ಓದಿ ತಿಳಿಯಬಹುದಾದಷ್ಟು ಸರಳ. 2006ರಲ್ಲಿ ಅವರಿಗೆ ಗೋಡೆಲ್ ಪ್ರಶಸ್ತಿ ಬಂತು.

ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯ ಸೇರಿ ಕೂಡುವ, ಗುಣಿಸುವ ಗೇಟ್‌ಗಳಿಂದ ಕಟ್ಟುವ ಬೀಜಗಣಿತದ ಸರ್ಕ್ಯೂಟ್‌ಗಳ ಕೆಳಮಿತಿಗಳಲ್ಲಿ ಮುಖ್ಯವಾದ ಕೆಲಸ ಮಾಡಿದರು. ಅದೇ ಕ್ಷೇತ್ರದಲ್ಲಿ 2021ರಲ್ಲಿ ನೂತನ್ ಲಿಮಯೆ, ಶ್ರೀಕಾಂತ್ ಶ್ರೀನಿವಾಸನ್ ಮತ್ತು ಫ್ರಾನ್ಸಿನ ಸೆಬಾಸ್ಟಿಯನ್ ಟವೆನಾಸ್, ಪದರಗಳ ಸಂಖ್ಯೆ ನಿಶ್ಚಿತವಾಗಿರುವ ಬೀಜಗಣಿತ ಸರ್ಕ್ಯೂಟ್‌ಗಳು ಯಾವ ಬಹುಪದೋಕ್ತಿಯ ಗಾತ್ರದಲ್ಲಿಯೂ ಮುಗಿಸಲಾರದ ಲೆಕ್ಕವಿದೆ ಎಂದು ತೋರಿಸಿ ದಶಕಗಳ ಕಗ್ಗಂಟನ್ನು ಬಿಡಿಸಿದರು. ಅಂದಾಜಿನ ಉತ್ತರಗಳ ಮಿತಿಯ ಬಗ್ಗೆ 2002ರಲ್ಲಿ ಯುನೀಕ್ ಗೇಮ್ಸ್ ಎಂಬ ಊಹೆಯನ್ನು ಮುಂದಿಟ್ಟ ಸುಭಾಷ್ ಖೋತ್, ನಮ್ಮ ನಿಪ್ಪಾಣಿಯ ನೆರೆಯ ಇಚಲಕರಂಜಿಯವರು. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಭಾರತೀಯ ವಾರ್ಷಿಕ ಸಮ್ಮೇಳನ ಆರಂಭವಾದದ್ದೂ ಬೆಂಗಳೂರಿನಲ್ಲಿಯೇ, 1981ರಲ್ಲಿ.

ನಾನು ಪಿ–ಎನ್‌ಪಿ ಸಮಸ್ಯೆಯನ್ನು ಬಿಡಿಸಿದ್ದೇನೆ. ಯಾರಿಗೆ ಕಳುಹಿಸಲಿ?

ವರ್ಷಕ್ಕೆ ನಾಲ್ಕಾರು ಇಂಥ ಪತ್ರಗಳು ಬರುತ್ತವೆ. ಬರೆದವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಕಳುಹಿಸುವ ಮೊದಲು ನೀವೇ ಎರಡು ಪರೀಕ್ಷೆ ಮಾಡಿ. ಎರಡೂ ಒಂದೇ ಎಂದು ಸಾಧಿಸಿದ್ದರೆ ಪ್ರೋಗ್ರಾಂ ಬರೆದು ನಿಜವಾದ ಕಠಿಣ ಪ್ರಶ್ನೆಗಳ ಮೇಲೆ ಓಡಿಸಿ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಒಡೆಯಲು ಕೊಟ್ಟು ನೋಡಿ. ಬೇರೆ ಎಂದು ಸಾಧಿಸಿದ್ದರೆ ಅದೇ ವಾದವನ್ನು ಎರಡೆರಡು ಪದಗಳ ತರ್ಕ ಷರತ್ತುಗಳಿಗೆ ಹಚ್ಚಿ. ಆ ಸಮಸ್ಯೆ ಸುಲಭವೆಂದು ಗೊತ್ತಿದೆ. ಅದನ್ನೂ ಕಠಿಣವೆಂದು ನಿಮ್ಮ ವಾದ ಹೇಳಿದರೆ ತಪ್ಪು ಒಳಗೇ ಇದೆ. ‘ಎಲ್ಲ ಸಾಧ್ಯತೆಗಳನ್ನೂ ನೋಡದೆ ದಾರಿಯಿಲ್ಲ’ ಎಂಬ ಸಾಲು ಎಲ್ಲಿಯಾದರೂ ಇದ್ದರೆ ಅಲ್ಲೇ ನಿಲ್ಲಿ. ಸಾಧಿಸಬೇಕಾದದ್ದೇ ಅದು.

ಪ್ರಕಟಿಸಿದ ಮೇಲೆ ತಪ್ಪು ಸಿಕ್ಕರೆ ಮಾನ ಹೋದಂತೆಯೇ?

2015ರ ಕೊನೆಯಲ್ಲಿ ಲಾಸ್ಲೊ ಬಾಬೈ, ಎರಡು ಜಾಲಗಳು ಒಂದೇ ಆಕಾರದವೇ ಎಂದು ನೋಡುವ ಸಮಸ್ಯೆಗೆ ಮಹತ್ವದ ವೇಗದ ವಿಧಾನ ಪ್ರಕಟಿಸಿದರು. 2017ರ ಜನವರಿಯಲ್ಲಿ ಹೆರಾಲ್ಡ್ ಹೆಲ್ಫ್‌ಗಾಟ್ ಅದರಲ್ಲಿ ದೋಷ ಕಂಡರು. ಬಾಬೈ ತಮ್ಮ ಮೊದಲಿನ ಹೇಳಿಕೆಯನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು, ಕೆಲವೇ ದಿನಗಳಲ್ಲಿ ದೋಷ ಸರಿಪಡಿಸಿದರು. ಅವರ ಮೇಲಿನ ಗೌರವ ಅದರಿಂದ ಹೆಚ್ಚಿತು.

ಮಗಳು ಇದರಲ್ಲಿ ಪಿಎಚ್‌ಡಿ ಮಾಡುತ್ತೇನೆ ಎನ್ನುತ್ತಾಳೆ. ಹೊಟ್ಟೆಪಾಡಿನ ಗತಿ ಏನು?

ಗೇಟ್, ಜೆಸ್ಟ್, ಟಿಐಎಫ್‌ಆರ್ ಪ್ರವೇಶ ಪರೀಕ್ಷೆಗಳು ಮುಖ್ಯ ಬಾಗಿಲುಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ ಮತ್ತು ಚೆನ್ನೈ ಗಣಿತ ಸಂಸ್ಥೆ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್), ಐಐಟಿಗಳು ಒಳ್ಳೆಯ ನೆಲೆಗಳು. ಕಿರಿಯ ಸಂಶೋಧಕರ ಸರ್ಕಾರಿ ಶಿಷ್ಯವೇತನ 2023ರ ಪರಿಷ್ಕರಣೆಯ ನಂತರ ತಿಂಗಳಿಗೆ 37,000 ರೂಪಾಯಿ. ಓರಗೆಯವರು ತಂತ್ರಾಂಶ ಕಂಪನಿಗಳಲ್ಲಿ ಗಳಿಸುವುದಕ್ಕಿಂತ ಇದು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಐದಾರು ವರ್ಷ ಹಿಡಿಯುತ್ತದೆ. ನಂತರ ಬೋಧನೆ, ಸಂಶೋಧನಾಲಯ, ಗೂಢಲಿಪಿ ಕ್ಷೇತ್ರಗಳಿವೆ. ನನಗೆ ಚಿಂತೆ ಹಣದ್ದಲ್ಲ. ತಿಂಗಳುಗಟ್ಟಲೆ ಒಂದು ಹೆಜ್ಜೆಯೂ ಸಾಗದ ಕಾಲವನ್ನು ತಾಳಿಕೊಳ್ಳುವ ಮನೆಯ ವಾತಾವರಣದ್ದು. ಆ ಕಾಲದಲ್ಲಿ ‘ಇನ್ನೂ ಮುಗಿಯಲಿಲ್ಲವೇ’ ಎಂದು ಕೇಳಬೇಡಿ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ನನ್ನಂಥವರಿಗೆ ಇದು ಸಾಧ್ಯವೇ? ಎಲ್ಲಿಂದ ಆರಂಭಿಸಲಿ?

ನಾನೂ ಕನ್ನಡ ಮಾಧ್ಯಮದವನೇ. ರೇಖಾಗಣಿತದ ಪುಟದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಸಾಲು ಬರೆಯಲು ಕಲಿಸಿದರಲ್ಲ, ನನ್ನ ಇಂದಿನ ಪ್ರಬಂಧಗಳ ಅಸ್ಥಿಪಂಜರವೂ ಅದೇ. ಇಂಗ್ಲಿಷ್ ಓದಿ ಬರೆಯಲು ಕಲಿಯಲೇಬೇಕು, ಎರಡು ವರ್ಷದಲ್ಲಿ ಬರುತ್ತದೆ. ಯೋಚನೆಯನ್ನು ಯಾವ ಭಾಷೆಯಲ್ಲಿ ಮಾಡಿದರೂ ಆದೀತು. ನನ್ನ ಕರಡುಗಳ ಅಂಚಿನ ಟಿಪ್ಪಣಿಗಳು ಇಂದಿಗೂ ಕನ್ನಡದಲ್ಲಿವೆ.

ಆರಂಭಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಊರ ಕಬಡ್ಡಿ ಪಂದ್ಯಾವಳಿಯಲ್ಲಿ 16 ತಂಡಗಳು. ಬಲಶಾಲಿ ತಂಡವೇ ಯಾವಾಗಲೂ ಗೆಲ್ಲುತ್ತದೆ ಎಂದುಕೊಳ್ಳಿ. ಎರಡೆರಡು ತಂಡಗಳನ್ನು ಆಡಿಸಿ ಸೋತದ್ದನ್ನು ಹೊರಗಿಡುತ್ತ ಹೋದರೆ, ಮೊದಲನೆಯ ತಂಡವನ್ನು ತಿಳಿಯಲು 15 ಪಂದ್ಯ ಸಾಕು. 14ರಲ್ಲಿ ಆಗದು, ಏಕೆಂದರೆ ಉಳಿದ 15 ತಂಡಗಳಲ್ಲಿ ಪ್ರತಿಯೊಂದೂ ಒಮ್ಮೆಯಾದರೂ ಸೋಲಲೇಬೇಕು, ಒಂದು ಪಂದ್ಯದಲ್ಲಿ ಸೋಲುವುದು ಒಂದೇ ತಂಡ. ನೋಡಿ, ಇದು ನಿಮ್ಮ ಮೊದಲ ಕೆಳಮಿತಿ. ಈಗ ಎರಡನೆಯ ಅತ್ಯುತ್ತಮ ತಂಡವನ್ನೂ ಖಚಿತವಾಗಿ ತಿಳಿಯಬೇಕು. ಅಂತಿಮ ಪಂದ್ಯದಲ್ಲಿ ಸೋತ ತಂಡವೇ ಎರಡನೆಯದು ಎನ್ನಲಾಗದು; ಗೆದ್ದ ತಂಡದ ಕೈಯಲ್ಲಿ ಸೋತ ನಾಲ್ಕರಲ್ಲಿ ಯಾವುದೂ ಆಗಿರಬಹುದು. ಆ ನಾಲ್ಕರ ನಡುವೆ ಮೂರು ಪಂದ್ಯ ಆಡಿಸಿದರೆ ಒಟ್ಟು 18. ಪಂದ್ಯಗಳನ್ನು ಎಷ್ಟೇ ಜಾಣತನದಿಂದ ಏರ್ಪಡಿಸಿದರೂ 17ರಲ್ಲಿ ಆಗದು. ಏಕೆ ಎಂದು ಸಾಧಿಸಿ, ಬರೆದು ಕಳುಹಿಸಿ, ಓದುತ್ತೇನೆ.